ಪೊಲೀಸ್ ಅಂಕಿ-ಅಂಶ ಹಿಡಿದು ಬಡಾವಣೆಯ ಕೊರತೆ ಅಳೆಯುವುದು: ಹುಬ್ಬಳ್ಳಿ-ಧಾರವಾಡಕ್ಕೊಂದು ಸಮಗ್ರ ಮಾರ್ಗದರ್ಶಿ

ಸಮಾಜಕಾರ್ಯ ಓದುವ ವಿದ್ಯಾರ್ಥಿಗಳು, ವಾರ್ಡ್ ಸಮಿತಿಯವರು, ಅಂಕಿ-ಅಂಶದ ಸುದ್ದಿ ಮಾಡುವ ಪತ್ರಕರ್ತರು, ಎಲ್ಲರೂ ಒಂದೇ ಕಡೆ ಎಡವುತ್ತಾರೆ. ಯಾವ ಬಡಾವಣೆ ಹಿಂದುಳಿದಿದೆ ಎಂದು ತಿಳಿಯಲು ಎಫ್‌ಐಆರ್ ಇಳಿಸಿಕೊಳ್ಳುತ್ತಾರೆ, ಎಣಿಸುತ್ತಾರೆ, ನಕ್ಷೆಗೆ ಬಣ್ಣ ಹಚ್ಚುತ್ತಾರೆ. ಕೊನೆಗೆ ದುರ್ಗದ ಬೈಲ್, ಕೊಪ್ಪಿಕರ ರಸ್ತೆ, ಬಸ್ ನಿಲ್ದಾಣದ ಸುತ್ತಮುತ್ತ ಕಡುಗೆಂಪಾಗಿ ಕಾಣುತ್ತದೆ. ಊರಲ್ಲಿ ದೊಡ್ಡ ವ್ಯಾಪಾರ ನಡೆಯುವ ಜಾಗವೇ ಅತ್ಯಂತ ಬಡ ಜಾಗ ಎಂದು ನಕ್ಷೆ ಹೇಳುತ್ತದೆ. ಆಮೇಲೆ ಬಣ್ಣ ಬದಲಿಸಿ ನೋಡುತ್ತಾರೆ. ಅದರಿಂದ ಏನೂ ಸರಿಹೋಗುವುದಿಲ್ಲ.

ತಪ್ಪು ಇರುವುದು ಹಂತಗಳ ಕ್ರಮದಲ್ಲಿ. ಅಪರಾಧವನ್ನು ಅದು ನಡೆದ ಜಾಗದಲ್ಲಿ ಎಣಿಸುತ್ತಾರೆ. ಕೊರತೆಯನ್ನು, ಅಂದರೆ ಆದಾಯ, ಶಿಕ್ಷಣ, ನೀರು, ಶೌಚಾಲಯದಂಥ ಅಗತ್ಯಗಳು ಸಿಗದಿರುವುದನ್ನು, ಜನ ವಾಸ ಮಾಡುವ ಜಾಗದಲ್ಲಿ ಎಣಿಸಬೇಕು. ಇವೆರಡನ್ನೂ ಜೋಡಿಸುವ ಮೊದಲು ಮಾಡಬೇಕಾದ ಕೆಲಸ ಬಹಳ ಇದೆ. ಅದನ್ನು ಬಿಟ್ಟು ಮುಂದೆ ಹೋದರೆ ಸಿಗುವುದು ಜನಸಂದಣಿಯ ನಕ್ಷೆ, ಅಷ್ಟೇ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಅಪರಾಧದ ಅಂಕಿಯೊಂದರಿಂದಲೇ ಕೊರತೆ ಅಳೆಯಲು ಆಗುವುದಿಲ್ಲ. ಅದು ಕೊರತೆಯ ಒಂದು ಭಾಗವನ್ನು ತೋರಿಸಬಹುದು. ಎಷ್ಟು ಭಾಗ ಎಂದು ತಿಳಿಯುವುದೇ ಈ ಕೆಲಸದ ಗುರಿ.

## ಬೇಕಾಗುವ ಸಾಮಗ್ರಿ

ಸಾಧಾರಣ ಲ್ಯಾಪ್‌ಟಾಪ್, ಎಕ್ಸೆಲ್ ಅಥವಾ ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಕ್ಯಾಲ್ಕ್, ನಕ್ಷೆಗೆ ಕ್ಯೂಜಿಐಎಸ್. ಇದೂ ಉಚಿತ. ಪ್ರೋಗ್ರಾಮಿಂಗ್ ಬೇಕಿಲ್ಲ. ವಾರ್ಡ್ ಗಡಿಯ ಫೈಲು, ಠಾಣೆ ವ್ಯಾಪ್ತಿಯ ಪಟ್ಟಿ, 2011ರ ಜನಗಣತಿಯ ವಾರ್ಡ್ ಮಟ್ಟದ ಕೋಷ್ಟಕಗಳು ಬೇಕು. ಒಂದು ನೋಟ್‌ಬುಕ್ಕೂ ಇರಲಿ. ಯಾವ ದಿನ ಯಾವ ಫೈಲು ಇಳಿಸಿದಿರಿ, ಯಾವ ಸಾಲು ಯಾಕೆ ತೆಗೆದಿರಿ ಎಂದು ಬರೆದಿಡದಿದ್ದರೆ ನಾಲ್ಕನೇ ಹಂತಕ್ಕೆ ಬರುವಷ್ಟರಲ್ಲಿ ನಿಮ್ಮ ಕೆಲಸ ನಿಮಗೇ ಅರ್ಥವಾಗುವುದಿಲ್ಲ.

ಸಮಯದ ಮುಕ್ಕಾಲು ಪಾಲು ಅಂಕಿ ಸ್ವಚ್ಛ ಮಾಡುವುದರಲ್ಲೇ ಹೋಗುತ್ತದೆ. ನಕ್ಷೆ ಬರೆಯುವುದು ಒಂದು ಮಧ್ಯಾಹ್ನದ ಕೆಲಸ.

## ಹಂತ 1: ಅಪರಾಧವನ್ನು ಬದಿಗಿಟ್ಟು ಕೊರತೆಯ ಪಟ್ಟಿ ಮಾಡಿ

ಇದನ್ನೇ ಎಲ್ಲರೂ ಬಿಡುವುದು. ಕೊರತೆ ಎಂದರೆ ನಿಮ್ಮ ಪ್ರಕಾರ ಏನು ಎಂದು ಎಫ್‌ಐಆರ್ ಮುಟ್ಟುವ ಮೊದಲೇ ಬರೆದಿಡಿ. ಇಲ್ಲದಿದ್ದರೆ ಸಿಕ್ಕ ಅಂಕಿಗೆ ತಕ್ಕಂತೆ ಕೊರತೆಯ ಅರ್ಥವನ್ನೇ ಬದಲಿಸುತ್ತಾ ಹೋಗುತ್ತೀರಿ.

ಇಂಗ್ಲೆಂಡಿನ ಬಹು ಕೊರತೆ ಸೂಚ್ಯಂಕವನ್ನು ಮಾದರಿಯಾಗಿ ನೋಡಬಹುದು. 2019ರ ಆವೃತ್ತಿಯಲ್ಲಿ ಏಳು ವಿಭಾಗಗಳಿವೆ. ಆದಾಯ ಮತ್ತು ಉದ್ಯೋಗಕ್ಕೆ ತಲಾ ಶೇ 22.5 ತೂಕ, ಶಿಕ್ಷಣ ಮತ್ತು ಆರೋಗ್ಯಕ್ಕೆ ತಲಾ ಶೇ 13.5. ಅಪರಾಧ, ವಸತಿ-ಸೇವೆಗಳ ಅಡೆತಡೆ ಮತ್ತು ವಾಸದ ಪರಿಸರ, ಈ ಮೂರಕ್ಕೂ ತಲಾ ಶೇ 9.3. ಅಂಕಿ-ಅಂಶ ಅಷ್ಟು ಚೊಕ್ಕವಾಗಿ ಸಿಗುವ ದೇಶದಲ್ಲೇ ಅಪರಾಧದ ತೂಕ ಹತ್ತರಲ್ಲಿ ಒಂದು ಭಾಗಕ್ಕಿಂತ ಕಡಿಮೆ. ನಮ್ಮ ನೀತಿ ಆಯೋಗದ ಬಹು ಆಯಾಮದ ಬಡತನ ಸೂಚ್ಯಂಕದಲ್ಲಿ 12 ಸೂಚಕಗಳಿವೆ. ಪೌಷ್ಟಿಕತೆ, ಶಾಲೆ, ಅಡುಗೆ ಇಂಧನ, ಶೌಚಾಲಯ, ಬ್ಯಾಂಕ್ ಖಾತೆ ಎಲ್ಲ ಇವೆ, ಅಪರಾಧ ಇಲ್ಲ. ಅದು ಜಿಲ್ಲೆಗಿಂತ ಕೆಳಗೆ ಇಳಿಯುವುದೂ ಇಲ್ಲ. ಹಾಗಾಗಿ ವಾರ್ಡ್ ಮಟ್ಟದ್ದನ್ನು ನಾವೇ ಕಟ್ಟಿಕೊಳ್ಳಬೇಕು.

ನಮ್ಮೂರಿಗೆ ಸಿಗುವ ಸೂಚಕಗಳು ಇವು. ಜನಗಣತಿಯ ಮನೆಪಟ್ಟಿ ಕೋಷ್ಟಕದಿಂದ ಮನೆಯೊಳಗೆ ಶೌಚಾಲಯ ಇಲ್ಲದ, ಆವರಣದಲ್ಲಿ ನೀರಿಲ್ಲದ, ಒಂದೇ ಕೋಣೆಯ, ಟಿವಿ-ಸೈಕಲ್-ಫೋನ್ ಯಾವುದೂ ಇಲ್ಲದ ಕುಟುಂಬಗಳ ಶೇಕಡಾವಾರು ಲೆಕ್ಕ. ಸಾಕ್ಷರತೆ ಮತ್ತು ವರ್ಷವಿಡೀ ಕೆಲಸ ಸಿಗದವರ ಪ್ರಮಾಣ. ನ್ಯಾಯಬೆಲೆ ಅಂಗಡಿವಾರು ಅಂತ್ಯೋದಯ (ಕಡುಬಡವರ) ಪಡಿತರ ಚೀಟಿಗಳ ಸಂಖ್ಯೆ. ಕೊಳಗೇರಿ ಅಭಿವೃದ್ಧಿ ಮಂಡಳಿ ಘೋಷಿಸಿದ ಪ್ರದೇಶಗಳು. ಇದರ ಜೊತೆ ನಾನು ತಪ್ಪದೆ ಸೇರಿಸುವುದು ನಳದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬ ಲೆಕ್ಕ. ಅವಳಿ ನಗರದ ಎಂಟು ವಾರ್ಡ್‌ಗಳಿಗೆ 2008ರಿಂದಲೇ 24 ತಾಸು ನೀರು ಕೊಡುವ ಪ್ರಾಯೋಗಿಕ ಯೋಜನೆ ಬಂತು. ಉಳಿದ ಕಡೆ ಬ್ಯಾರಲ್ ತುಂಬಿಟ್ಟುಕೊಂಡು ದಿನ ಎಣಿಸುವುದು ಮುಂದುವರಿಯಿತು. ಊರು ಗೊತ್ತಿದ್ದವರಿಗೆ ಇದಕ್ಕಿಂತ ಒಳ್ಳೆಯ ಸೂಚಕ ಸಿಗುವುದು ಕಷ್ಟ.

ಐದಾರು ಸೂಚಕ ಸಾಕು. ಇಪ್ಪತ್ತು ಹಾಕಿದರೆ ಒಂದೇ ವಿಷಯವನ್ನು ನಾಲ್ಕು ಸಲ ಎಣಿಸಿದಂತಾಗುತ್ತದೆ.

## ಹಂತ 2: ಗಡಿಗಳ ಜಗಳ ಬಗೆಹರಿಸಿ

2011ರ ಜನಗಣತಿ ನಡೆದಾಗ ಪಾಲಿಕೆಯಲ್ಲಿ 67 ವಾರ್ಡ್ ಇದ್ದವು. 2021ರ ಪಾಲಿಕೆ ಚುನಾವಣೆ ನಡೆದದ್ದು 82 ವಾರ್ಡ್‌ಗಳಿಗೆ. ಅಂದರೆ ಹಳೆಯ 30ನೇ ವಾರ್ಡೂ ಹೊಸ 30ನೇ ವಾರ್ಡೂ ಒಂದೇ ಜಾಗ ಅಲ್ಲ. ನಂಬರ್ ನೋಡಿ ಎರಡು ಕೋಷ್ಟಕ ಜೋಡಿಸಿದರೆ ಕಂಪ್ಯೂಟರ್ ಬೈಯುವುದಿಲ್ಲ, ಸುಮ್ನೆ ತಪ್ಪು ಉತ್ತರ ಕೊಡುತ್ತದೆ. ಇಂಥ ವರದಿಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ. ಇದರ ಮೇಲೆ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು ರಾಜ್ಯ ಸಚಿವ ಸಂಪುಟ 2025ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿದೆ. ಹಾಗಾಗಿ ನೀವು ಬಳಸುವ ಗಡಿ ಯಾವ ವರ್ಷದ್ದು ಎಂದು ಫೈಲಿನ ಹೆಸರಲ್ಲೇ ಬರೆಯಿರಿ.

ಪೊಲೀಸ್ ಗಡಿ ಇನ್ನೊಂದು ಕತೆ. ಕಮಿಷನರೇಟ್ ಕೆಳಗೆ ಹುಬ್ಬಳ್ಳಿ ಶಹರ, ಉಪನಗರ, ಹಳೇ ಹುಬ್ಬಳ್ಳಿ, ಘಂಟಿಕೇರಿ, ಕಮರಿಪೇಟೆ, ಕಸಬಾಪೇಟೆ, ಬೆಂಡಿಗೇರಿ, ಕೇಶ್ವಾಪುರ, ಅಶೋಕನಗರ, ವಿದ್ಯಾನಗರ, ಗೋಕುಲ ರಸ್ತೆ, ಎಪಿಎಂಸಿ ನವನಗರ ಠಾಣೆಗಳಿವೆ. ಧಾರವಾಡದ ಕಡೆ ಶಹರ, ಉಪನಗರ, ವಿದ್ಯಾಗಿರಿ. ಇವುಗಳ ವ್ಯಾಪ್ತಿ ವಾರ್ಡ್‌ಗಳಿಗೆ ಹೊಂದುವುದಿಲ್ಲ. ಒಂದು ವಾರ್ಡ್ ಎರಡು ಠಾಣೆಗೆ ಹಂಚಿಹೋಗಿರುತ್ತದೆ. ರೈಲು ನಿಲ್ದಾಣದೊಳಗಿನ ಕಳವು ರೈಲ್ವೆ ಪೊಲೀಸರ ಲೆಕ್ಕಕ್ಕೆ ಹೋಗುತ್ತದೆ. ಹುಬ್ಬಳ್ಳಿ ಗ್ರಾಮೀಣ ಠಾಣೆ ಜಿಲ್ಲಾ ಎಸ್‌ಪಿ ಕೆಳಗೆ ಬರುತ್ತದೆ. ಊರಂಚಿನ ಹೊಸ ಲೇಔಟ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಾದರೆ ಈ ಎರಡನ್ನೂ ನೋಡಲೇಬೇಕು.

ನನ್ನ ಸಲಹೆ ಇಷ್ಟು: ಜನಗಣತಿ ಬಳಸುವುದಾದರೆ ಹಳೆಯ 67 ವಾರ್ಡ್‌ಗಳನ್ನೇ ಮೂಲ ಘಟಕ ಮಾಡಿಕೊಳ್ಳಿ. ಅಪರಾಧದ ಜಾಗಗಳನ್ನು ಬಿಂದುಗಳಾಗಿ ಗುರುತಿಸಿ ಆ ಗಡಿಯೊಳಗೆ ಹಾಕಿ. ಬಿಂದುವನ್ನು ಯಾವ ಗಡಿಗೆ ಬೇಕಾದರೂ ಹಾಕಬಹುದು, ಜನಸಂಖ್ಯೆಯನ್ನು ಹಾಗೆ ಒಡೆಯಲು ಬರುವುದಿಲ್ಲ.

ಇನ್ನೊಂದು ಮಿತಿ ನೆನಪಿರಲಿ. 2011ರಲ್ಲಿ ಅವಳಿ ನಗರದ ಜನಸಂಖ್ಯೆ 9.43 ಲಕ್ಷ. ಅಂದರೆ ವಾರ್ಡ್ ಒಂದಕ್ಕೆ ಸರಾಸರಿ 14 ಸಾವಿರ ಜನ. ಇಂಗ್ಲೆಂಡಿನ ಸೂಚ್ಯಂಕ ಬಳಸುವ ಸಣ್ಣ ಘಟಕದಲ್ಲಿ ಸರಾಸರಿ 1,500 ಜನ. ನಮ್ಮ ಒಂದು ವಾರ್ಡಿನೊಳಗೆ ಬಂಗಲೆಗಳ ಸಾಲೂ ತಗಡಿನ ಮನೆಗಳ ಓಣಿಯೂ ಒಟ್ಟಿಗೆ ಇರುತ್ತವೆ. ವಾರ್ಡಿನ ಸರಾಸರಿ ಎರಡನ್ನೂ ಮುಚ್ಚಿಬಿಡುತ್ತದೆ.

## ಹಂತ 3: ಎಫ್‌ಐಆರ್ ಸಂಗ್ರಹಿಸಿ

ಎಫ್‌ಐಆರ್‌ಗಳನ್ನು 24 ತಾಸಿನೊಳಗೆ ಜಾಲತಾಣಕ್ಕೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿದೆ. ಲೈಂಗಿಕ ಅಪರಾಧ, ಪೋಕ್ಸೊ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ ಇದೆ. ರಾಜ್ಯ ಪೊಲೀಸ್ ಜಾಲತಾಣದಲ್ಲಿ ಜಿಲ್ಲೆ, ಠಾಣೆ, ವರ್ಷ ಆಯ್ದು ಹುಡುಕಿ. ಜಿಲ್ಲೆಯ ಪಟ್ಟಿಯಲ್ಲಿ ಹುಬ್ಬಳ್ಳಿ-ಧಾರವಾಡ ನಗರ ಬೇರೆ, ಧಾರವಾಡ ಬೇರೆ. ಅವಸರದಲ್ಲಿ ಎರಡನೆಯದನ್ನು ಒತ್ತಿ ನವಲಗುಂದ, ಕಲಘಟಗಿಯ ಪ್ರಕರಣ ಇಳಿಸಿಕೊಂಡವರಿದ್ದಾರೆ.

ಒಂದು ಉಪಾಯ ಕಲಿತಿಟ್ಟುಕೊಳ್ಳಿ. ಪ್ರತಿ ಠಾಣೆಯಲ್ಲೂ ವರ್ಷದ ಮೊದಲ ಎಫ್‌ಐಆರ್‌ನಿಂದ ಕ್ರಮವಾಗಿ ನಂಬರ್ ಕೊಡುತ್ತಾರೆ. ನಿಮ್ಮ ಪಟ್ಟಿಯಲ್ಲಿ 41 ಆದ ಮೇಲೆ 44 ಬಂದರೆ ನಡುವಿನ ಎರಡು ನಿಮಗೆ ಸಿಕ್ಕಿಲ್ಲ ಎಂದರ್ಥ. ಠಾಣೆವಾರು ಎಷ್ಟು ನಂಬರ್ ತಪ್ಪಿವೆ ಎಂದು ಎಣಿಸಿ. ಒಂದು ಠಾಣೆಯಲ್ಲಿ ಬೇರೆಯವಕ್ಕಿಂತ ತುಂಬಾ ಜಾಸ್ತಿ ತಪ್ಪಿದ್ದರೆ ಅದನ್ನು ಹಾಗೇ ಹೋಲಿಸಬೇಡಿ.

ತಪ್ಪಿದ್ದಕ್ಕೆ ಮಾಹಿತಿ ಹಕ್ಕು ಅರ್ಜಿ ಇದೆ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಬರಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಎಫ್‌ಐಆರ್ ಪ್ರತಿ ಕೇಳಬೇಡಿ, ಅರ್ಜಿ ತಿರಸ್ಕಾರವಾಗಬಹುದು. ಠಾಣೆವಾರು, ತಿಂಗಳುವಾರು, ಅಪರಾಧದ ಬಗೆವಾರು ಸಂಖ್ಯೆ ಮಾತ್ರ ಕೇಳಿ. ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ) ವರದಿ ಇಲ್ಲಿ ಉಪಯೋಗಕ್ಕೆ ಬಾರದು. ಅದು ಜಿಲ್ಲೆ ಮಟ್ಟಕ್ಕೇ ನಿಲ್ಲುತ್ತದೆ, ಜೊತೆಗೆ ಒಂದು ಎಫ್‌ಐಆರ್‌ನಲ್ಲಿ ನಾಲ್ಕು ಅಪರಾಧವಿದ್ದರೂ ಅತಿ ಗಂಭೀರವಾದ ಒಂದನ್ನೇ ಎಣಿಸುತ್ತದೆ.

ಕೋಷ್ಟಕದಲ್ಲಿ ಇರಬೇಕಾದ ಅಂಕಣಗಳು: ಠಾಣೆ, ಎಫ್‌ಐಆರ್ ನಂಬರ್, ಘಟನೆಯ ದಿನ-ಸಮಯ, ದೂರು ಕೊಟ್ಟ ದಿನ-ಸಮಯ, ಕಲಂ, ಘಟನಾ ಸ್ಥಳ, ಠಾಣೆಯಿಂದ ದಿಕ್ಕು ಮತ್ತು ದೂರ. ಹೆಸರು, ಫೋನ್, ಜಾತಿ, ಮನೆ ನಂಬರ್ ಎಫ್‌ಐಆರ್‌ನಲ್ಲಿ ಕಂಡರೂ ಬರೆದುಕೊಳ್ಳಬೇಡಿ. ನಿಮ್ಮ ಕೆಲಸಕ್ಕೆ ಅವು ಬೇಕಿಲ್ಲ. ಬರೆದಿಟ್ಟುಕೊಂಡರೆ ಯಾವತ್ತೋ ಒಂದು ದಿನ ಹೊರಬೀಳುತ್ತವೆ.

## ಹಂತ 4: ಕಲಂ ನಂಬರ್‌ಗಳ ಬಲೆ

2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ (ಬಿಎನ್ಎಸ್) ಬಂತು. ನಂಬರ್‌ಗಳೆಲ್ಲ ಬದಲಾದವು. ಬದಲಾಗಿದ್ದರೆ ಪರವಾಗಿಲ್ಲ ಎನ್ನಬಹುದಿತ್ತು, ಆದರೆ ಹಳೆಯ ನಂಬರ್‌ಗಳೇ ಹೊಸ ಅರ್ಥದಲ್ಲಿ ತಿರುಗಿ ಬಂದಿವೆ. ಐಪಿಸಿ 324 ಎಂದರೆ ಆಯುಧದಿಂದ ಗಾಯ ಮಾಡಿದ್ದು. ಬಿಎನ್ಎಸ್ 324 ಎಂದರೆ ಆಸ್ತಿಗೆ ಹಾನಿ. ಐಪಿಸಿ 304 ಕೊಲೆಯಲ್ಲದ ನರಹತ್ಯೆ, ಬಿಎನ್ಎಸ್ 304 ಸರ ಕಿತ್ತುಕೊಂಡು ಓಡುವಂಥ ಕೃತ್ಯ. ಐಪಿಸಿ 309 ಆತ್ಮಹತ್ಯೆ ಯತ್ನ, ಬಿಎನ್ಎಸ್ 309 ಸುಲಿಗೆ.

ಹಾಗಾಗಿ ನಂಬರ್ ಮೇಲೆ ಎಂದೂ ಫಿಲ್ಟರ್ ಹಾಕಬೇಡಿ. ಕಾಯ್ದೆ ಮತ್ತು ನಂಬರ್ ಎರಡನ್ನೂ ಸೇರಿಸಿ ಒಂದು ಅಂಕಣ ಮಾಡಿ, ಅದರ ಪಕ್ಕದಲ್ಲಿ ನಿಮ್ಮದೇ ಬಗೆಯ ಹೆಸರು ಬರೆಯಿರಿ. ಮುಖ್ಯವಾದವು: ಕಳವು ಐಪಿಸಿ 379, ಬಿಎನ್ಎಸ್ 303(2). ಮನೆಯೊಳಗಿನ ಕಳವು 380, ಈಗ 305. ರಾತ್ರಿ ಮನೆ ಒಡೆಯುವುದು 457, ಈಗ 331(4). ಸುಲಿಗೆ 392, ಈಗ 309(4). ಸಾಧಾರಣ ಗಾಯ 323, ಈಗ 115(2). ಆಯುಧದ ಗಾಯ 324, ಈಗ 118(1). ಗಂಡ-ಅತ್ತೆಮನೆ ಕಿರುಕುಳ 498ಎ, ಈಗ 85. ಆಸ್ತಿ ಹಾನಿ 427, ಈಗ 324ರ ಉಪಕಲಂಗಳು.

ಎಚ್ಚರಿಕೆಯ ಲಕ್ಷಣ: 2024ರ ಜೂನ್ ಮತ್ತು ಜುಲೈ ನಡುವೆ ನಿಮ್ಮ ಯಾವುದಾದರೂ ಬಗೆ ದಿಢೀರನೆ ಏರಿದರೆ ಅಥವಾ ಸೊನ್ನೆಯಾದರೆ ಕಳ್ಳರು ಬದಲಾಗಿಲ್ಲ, ನಿಮ್ಮ ಪಟ್ಟಿ ತಪ್ಪಿದೆ.

## ಹಂತ 5: ಯಾವ ಅಪರಾಧ ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು

ಇಡೀ ಕೆಲಸದ ಜೀವ ಇಲ್ಲಿದೆ. ನಿಧಾನವಾಗಿ ಮಾಡಿ.

ಮೊದಲು ತೆಗೆದುಹಾಕಬೇಕಾದ್ದು ಪೊಲೀಸರೇ ಹೋಗಿ ಹಿಡಿಯುವ ಪ್ರಕರಣಗಳನ್ನು. ಓಸಿ ಮಟ್ಕಾ ಮತ್ತು ಇಸ್ಪೀಟಿನ ಪ್ರಕರಣಗಳು ಕರ್ನಾಟಕ ಪೊಲೀಸ್ ಕಾಯ್ದೆಯ 78, 87ನೇ ಕಲಂ ಕೆಳಗೆ ಬರುತ್ತವೆ. ಅಬಕಾರಿ, ಗಾಂಜಾ, ಮುಂಜಾಗ್ರತೆಯ ಮುಚ್ಚಳಿಕೆ ಕೂಡ ಇದೇ ಗುಂಪು. ದಾಳಿ ನಡೆದರೆ ಪ್ರಕರಣ, ಇಲ್ಲದಿದ್ದರೆ ಇಲ್ಲ. ಈ ಸಂಖ್ಯೆ ಹೇಳುವುದು ಪೊಲೀಸರು ಎಲ್ಲಿಗೆ ಹೋದರು ಎಂಬುದನ್ನು. ಕ್ಲಬ್ಬಿನಲ್ಲಿ ಆಡುವ ಎಲೆಗಿಂತ ಓಣಿ ಕಟ್ಟೆಯ ಮೇಲಿನ ಎಲೆ ಬೇಗ ಸಿಕ್ಕಿಬೀಳುತ್ತದೆ, ಅಲ್ವಾ? ಇದನ್ನು ಸೇರಿಸಿದರೆ ಬಡವರ ಓಣಿಗಳು ತಾವಾಗಿಯೇ ಕೆಂಪಾಗುತ್ತವೆ, ನಿಮ್ಮ ಊಹೆ ನಿಜವಾದಂತೆ ಕಾಣುತ್ತದೆ. ನಿಮಗೆ ಬೇಕಾದ ಉತ್ತರ ಸುಲಭವಾಗಿ ಸಿಕ್ಕಿತೆಂದರೆ ಮೊದಲು ಅನುಮಾನ ಪಡಬೇಕಾದ್ದು ಈ ಗುಂಪನ್ನು.

ಎರಡನೆಯದಾಗಿ ಸೈಬರ್ ವಂಚನೆ ತೆಗೆಯಿರಿ. ಅದಕ್ಕೆ ಬಡಾವಣೆಯೇ ಇಲ್ಲ. ರಸ್ತೆ ಅಪಘಾತವನ್ನೂ ತೆಗೆಯಿರಿ. ಅದು ಬೈಪಾಸ್ ಇರುವ ಜಾಗವನ್ನು ತೋರಿಸುತ್ತದೆ, ಅಲ್ಲಿ ವಾಸಿಸುವವರನ್ನಲ್ಲ.

ಮನೆಗಳ್ಳತನದ ವಿಷಯದಲ್ಲಿ ಹೆಚ್ಚಿನವರು ಮೋಸ ಹೋಗುತ್ತಾರೆ. ಬೀಗ ಹಾಕಿದ ಮನೆಯಲ್ಲಿ ಬಂಗಾರ ಇರಬೇಕು, ಆಗ ಕಳ್ಳ ಬರುತ್ತಾನೆ. ಕಳೆದುಕೊಂಡವರಿಗೆ ಠಾಣೆಗೆ ಹೋಗುವ ಧೈರ್ಯವೂ ಬೇಕು. ಹಾಗಾಗಿ ಮನೆಗಳ್ಳತನ ಎಷ್ಟೋ ಕಡೆ ಸ್ಥಿತಿವಂತರ ಬಡಾವಣೆಯನ್ನೇ ತೋರಿಸುತ್ತದೆ. ಬಿಡಬೇಡಿ, ಆದರೆ ಬೇರೆ ಅಂಕಣದಲ್ಲಿಡಿ. ಅದು ಕೊರತೆಯ ಜೊತೆ ಏರುತ್ತದೋ ಇಳಿಯುತ್ತದೋ ಎಂದು ಹತ್ತನೇ ಹಂತದಲ್ಲಿ ನೋಡಬೇಕು.

ವಾಹನ ಕಳವಿನ ಅಂಕಿ ಸಾಕಷ್ಟು ನಂಬಬಹುದು. ವಿಮೆಗೆ ಎಫ್‌ಐಆರ್ ಬೇಕೇಬೇಕು, ಹಾಗಾಗಿ ಜನ ದೂರು ಕೊಡುತ್ತಾರೆ. ಆದರೆ ಬೈಕು ಕಳುವಾಗುವುದು ಆಸ್ಪತ್ರೆ, ಮಾರುಕಟ್ಟೆ, ಕಾಲೇಜಿನ ಮುಂದೆ. ಮಾಲೀಕನ ಮನೆ ಬೇರೆಲ್ಲೋ ಇರುತ್ತದೆ. ಮನೆ ಮುಂದೆ ನಿಲ್ಲಿಸಿದ್ದಾಗ ಕಳುವಾದವನ್ನು ಮಾತ್ರ ಎಣಿಸಿ. ಮೊಬೈಲ್ ಕಳವು ಬಿಟ್ಟುಬಿಡಿ. ಹೆಚ್ಚಿನವರು ‘ಕಳೆದುಹೋಗಿದೆ’ ಎಂದು ಆನ್‌ಲೈನಿನಲ್ಲಿ ಬರೆಸಿ ಸುಮ್ಮನಾಗುತ್ತಾರೆ.

ಉಳಿಯುವುದು ಹೊಡೆದಾಟ, ಗಾಯ, ಬೆದರಿಕೆ, ಆಸ್ತಿ ಹಾನಿ. ಕೊರತೆಗೆ ಹತ್ತಿರ ಇರುವುದು ಇವೇ. ಇಕ್ಕಟ್ಟಾದ ಓಣಿ, ಸರತಿಯ ನಳ, ಸಾಲದ ವಸೂಲಿ, ಕುಡಿತ ಎಲ್ಲದರ ಹೊಗೆ ಇಲ್ಲಿ ಕಾಣುತ್ತದೆ. ಆದರೆ ಇಲ್ಲೂ ಒಂದು ತೂತು ಇದೆ. ಸಾಧಾರಣ ಗಾಯ, ಬೈಗುಳ, ಬೆದರಿಕೆ ಅಸಂಜ್ಞೇಯ (ಎನ್ಸಿ) ಅಪರಾಧ, ಅಂದರೆ ಕೋರ್ಟಿನ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡಲಾಗದ್ದು. ಅದಕ್ಕೆ ಎಫ್‌ಐಆರ್ ಆಗದೆ ಎನ್‌ಸಿ ವಹಿಯಲ್ಲಿ ನಮೂದಾಗಿ ನಿಲ್ಲುತ್ತದೆ. ಓಣಿಯ ಜಗಳದ ಬಹುಪಾಲು ಅಲ್ಲೇ ಉಳಿಯುತ್ತದೆ. ಮಾಹಿತಿ ಹಕ್ಕಿನಲ್ಲಿ ಎನ್‌ಸಿ ಸಂಖ್ಯೆಯನ್ನೂ ಠಾಣೆವಾರು ಕೇಳಿ.

## ಹಂತ 6: ಜಾಗ ಗುರುತಿಸಿ

ಎಫ್‌ಐಆರ್‌ನಲ್ಲಿ ‘ಮಂಟೂರ ರಸ್ತೆ, ಗುಡಿ ಹತ್ತಿರ’ ಎಂದಷ್ಟೇ ಇರುತ್ತದೆ. ಇದನ್ನು ನಕ್ಷೆ ಸೇವೆಗೆ ಒಟ್ಟಿಗೆ ಸುರಿದರೆ ಗೊತ್ತಾಗದ ವಿಳಾಸಗಳನ್ನೆಲ್ಲ ಅದು ಊರಿನ ನಡುವಿನ ಒಂದೇ ಬಿಂದುವಿಗೆ ತಂದು ಹಾಕುತ್ತದೆ. ಕೌಂಟ್‌ಇಫ್ ಸೂತ್ರದಿಂದ ಒಂದೇ ಅಕ್ಷಾಂಶ-ರೇಖಾಂಶ ಎಷ್ಟು ಸಲ ಬಂದಿದೆ ನೋಡಿ. ಹತ್ತಕ್ಕಿಂತ ಹೆಚ್ಚು ಬಂದ ಬಿಂದುವನ್ನು ಒಂದೊಂದಾಗಿ ಕೈಯಿಂದ ಪರೀಕ್ಷಿಸಿ. ಅಲ್ಲಿ ನಿಜಕ್ಕೂ ಬಾರ್ ಇರಬಹುದು, ಅಥವಾ ಅದು ಬರೀ ಯಂತ್ರದ ಊಹೆ ಇರಬಹುದು.

ನಾನು ಮಾಡುವ ಕ್ರಮ ಹೀಗೆ. ಮೊದಲು ಓಣಿ-ಬಡಾವಣೆಗಳ ಹೆಸರಿನ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಎಲ್ಲ ಕಾಗುಣಿತ ಸೇರಿಸಿ. ಹಳೇ ಹುಬ್ಬಳ್ಳಿ, ಹಳೆ ಹುಬ್ಳಿ, ಓಲ್ಡ್ ಹುಬ್ಬಳ್ಳಿ ಎಲ್ಲ ಒಂದೇ. ಹೊಂದಿಕೆಯಾಗದ್ದಕ್ಕೆ ಠಾಣೆಯಿಂದ ಇರುವ ದಿಕ್ಕು ಮತ್ತು ದೂರ ಬಳಸಿ. ‘ಪೂರ್ವಕ್ಕೆ 2 ಕಿ.ಮೀ.’ ಎಂದಿದ್ದರೆ ಆ ಕಡೆಯ ಬಡಾವಣೆ ಯಾವುದೆಂದು ಗೊತ್ತಾಗುತ್ತದೆ. ಪ್ರತಿ ಸಾಲಿಗೂ ನಂಬಿಕೆಯ ದರ್ಜೆ ಕೊಡಿ: ಎ ಎಂದರೆ ಓಣಿ ಖಚಿತ, ಬಿ ಎಂದರೆ ಬಡಾವಣೆ ಖಚಿತ, ಸಿ ಎಂದರೆ ಅಂದಾಜು. ಸಿ ದರ್ಜೆಯನ್ನು ಲೆಕ್ಕದಿಂದ ಬಿಡಿ, ಆದರೆ ಯಾವ ಠಾಣೆಯಲ್ಲಿ ಎಷ್ಟು ಬಿಟ್ಟಿರಿ ಎಂದು ಬರೆಯಿರಿ. ಮನೆ ನಂಬರ್ ಇಲ್ಲದ ಗುಡಿಸಲು ಪ್ರದೇಶಗಳದ್ದೇ ಸಿ ದರ್ಜೆಯಲ್ಲಿ ಜಾಸ್ತಿ ಇದ್ದರೆ ನೀವು ಅಳೆಯಲು ಹೊರಟದ್ದನ್ನೇ ಕಸದ ಬುಟ್ಟಿಗೆ ಹಾಕುತ್ತಿದ್ದೀರಿ.

ಗಾಯಾಳುವಿನ ಹೇಳಿಕೆಯನ್ನು ಆಸ್ಪತ್ರೆಯಲ್ಲಿ ಪಡೆದಾಗ ಕೆಲವೊಮ್ಮೆ ಆಸ್ಪತ್ರೆಯ ವಿಳಾಸ ಕೋಷ್ಟಕಕ್ಕೆ ನುಸುಳುತ್ತದೆ. ವಿದ್ಯಾನಗರದ ದೊಡ್ಡ ಸರಕಾರಿ ಆಸ್ಪತ್ರೆಯ ಸುತ್ತ ಹೊಡೆದಾಟಗಳ ಗುಡ್ಡೆ ಕಂಡರೆ ಮೂಲ ಎಫ್‌ಐಆರ್ ತೆರೆದು ಓದಿ.

ಕ್ಯೂಜಿಐಎಸ್‌ನಲ್ಲಿ ಎಲ್ಲ ಪದರಗಳನ್ನೂ ಇಪಿಎಸ್‌ಜಿ 32643ಕ್ಕೆ ಬದಲಿಸಿ, (ನಮ್ಮ ಭಾಗಕ್ಕೆ ಹೊಂದುವ, ಮೀಟರಿನಲ್ಲಿ ಅಳೆಯುವ ನಕ್ಷೆ ಪದ್ಧತಿ) ಆಮೇಲೆ ಪ್ರತಿ ವಾರ್ಡಿನೊಳಗಿನ ಬಿಂದು ಎಣಿಸುವ ‘ಕೌಂಟ್ ಪಾಯಿಂಟ್ಸ್ ಇನ್ ಪಾಲಿಗನ್’ ಓಡಿಸಿ. ಬಿಂದುಗಳ ಒಟ್ಟು ಸಂಖ್ಯೆಯೂ ವಾರ್ಡ್‌ಗಳ ಒಟ್ಟು ಸಂಖ್ಯೆಯೂ ತಾಳೆಯಾಗಬೇಕು. ಆಗದಿದ್ದರೆ ಕೆಲವು ಬಿಂದು ಗಡಿಯ ಹೊರಗೆ ಬಿದ್ದಿವೆ.

## ಹಂತ 7: ಯಾವುದರಿಂದ ಭಾಗಿಸಬೇಕು

ದುರ್ಗದ ಬೈಲ್ ಕೆಂಪಾಗುವುದು ಈ ಹಂತದಲ್ಲೇ. ಅಲ್ಲಿ ರಾತ್ರಿ ಮಲಗುವವರು ಕಡಿಮೆ, ಹಗಲು ಓಡಾಡುವವರು ಸಾವಿರಾರು. ಅಪರಾಧವನ್ನು ವಾಸಿಗಳ ಸಂಖ್ಯೆಯಿಂದ ಭಾಗಿಸಿದರೆ ದರ ಆಕಾಶಕ್ಕೆ ಹೋಗುತ್ತದೆ.

ಇಂಗ್ಲೆಂಡಿನಲ್ಲಿ ಹಿಂಸೆ ಮತ್ತು ಕಳವಿಗೆ ವಾಸಿಗಳ ಜೊತೆ ಅಲ್ಲಿ ಕೆಲಸ ಮಾಡುವವರನ್ನೂ ಸೇರಿಸಿ ಭಾಗಿಸುತ್ತಾರೆ. ಮನೆಗಳ್ಳತನಕ್ಕೆ ಜನರ ಬದಲು ಕಟ್ಟಡಗಳ ಸಂಖ್ಯೆ. ನಮಗೆ ಹಗಲು ಜನಸಂಖ್ಯೆಯ ಅಂಕಿ ಸಿಗುವುದಿಲ್ಲ. ಹಾಗಾಗಿ ಎರಡು ದಾರಿ. ಮಾರುಕಟ್ಟೆ, ಬಸ್ ನಿಲ್ದಾಣ, ಎಪಿಎಂಸಿ ಪ್ರಾಂಗಣ, ಕೈಗಾರಿಕಾ ವಸಾಹತುಗಳನ್ನು ಗುರುತಿಸಿ ಪೂರ್ತಿ ಲೆಕ್ಕದಿಂದ ತೆಗೆಯಿರಿ, ನಕ್ಷೆಯಲ್ಲಿ ಬೂದು ಬಣ್ಣ ಹಾಕಿ. ಇಲ್ಲವೇ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ಪ್ರಕರಣ ಮಾತ್ರ ಇಟ್ಟುಕೊಳ್ಳಿ. ಆ ಹೊತ್ತಿಗೆ ಮಾರುಕಟ್ಟೆ ಖಾಲಿ, ಜನ ಮನೆಯಲ್ಲಿರುತ್ತಾರೆ. ಎರಡೂ ಮಾಡಿ ಹೋಲಿಸುವುದು ಇನ್ನೂ ಒಳ್ಳೆಯದು.

ಧಾರವಾಡದ ಸಪ್ತಾಪುರದ ಕಡೆ ಬೇರೆಯದೇ ಕತೆ. ಕೋಚಿಂಗಿಗೆ ಬಂದು ರೂಮು ಮಾಡಿಕೊಂಡ ಹುಡುಗರು ಜನಗಣತಿಯಲ್ಲಿ ಸರಿಯಾಗಿ ಸಿಗುವುದಿಲ್ಲ. ಒಂದು ಕೋಣೆ, ಕೈಯಲ್ಲಿ ಆದಾಯವಿಲ್ಲ, ಆದರೆ ಅವರನ್ನು ವಂಚಿತರೆಂದು ಎಣಿಸಲಾಗುವುದಿಲ್ಲ. ಅಂಥ ವಾರ್ಡ್‌ಗಳಿಗೆ ಅಡಿಟಿಪ್ಪಣಿ ಹಾಕಿ ಪ್ರತ್ಯೇಕವಾಗಿಡಿ.

## ಹಂತ 8: ಸಣ್ಣ ಸಂಖ್ಯೆಗಳನ್ನು ನಂಬಬೇಡಿ

ಒಂದು ವಾರ್ಡಿನಲ್ಲಿ ವರ್ಷಕ್ಕೆ 9 ಪ್ರಕರಣ ಎಂದುಕೊಳ್ಳಿ. ಬರೀ ಆಕಸ್ಮಿಕದಿಂದಲೇ ಅದು 3ರಿಂದ 15ರವರೆಗೆ ಅಲ್ಲಾಡಬಹುದು. ವರ್ಗಮೂಲದ ಎರಡರಷ್ಟು ಆಚೆ-ಈಚೆ ಎಂಬ ಸರಳ ಲೆಕ್ಕ ಇದು. ಹಾಗಾಗಿ 9 ಪ್ರಕರಣದ ವಾರ್ಡ್ 12 ಪ್ರಕರಣದ ವಾರ್ಡಿಗಿಂತ ಚೆನ್ನಾಗಿದೆ ಎನ್ನಲಾಗದು.

ಮೂರು ವರ್ಷ ಸೇರಿಸಿ. 2020 ಮತ್ತು 2021 ಬೇಡ, ಲಾಕ್‌ಡೌನ್ ಎಲ್ಲ ಲೆಕ್ಕ ಕೆಡಿಸಿದೆ. ಆಮೇಲೆ ಸಣ್ಣ ಘಟಕಗಳನ್ನು ನಗರದ ಸರಾಸರಿಯ ಕಡೆ ಸ್ವಲ್ಪ ಎಳೆಯಿರಿ. ಲೆಕ್ಕಕ್ಕೆಂದು ಒಂದು ಕಲ್ಪಿತ ಉದಾಹರಣೆ: ನಗರದ ದರ ಸಾವಿರಕ್ಕೆ 2. 3,000 ಜನರ ಒಂದು ಬಡಾವಣೆಯಲ್ಲಿ 15 ಪ್ರಕರಣ, ಅಂದರೆ ಸಾವಿರಕ್ಕೆ 5. ಇದಕ್ಕೆ ನಗರದ ದರವೇ ಇರುವ 5,000 ಜನರನ್ನು, ಅವರ 10 ಪ್ರಕರಣಗಳ ಸಮೇತ ಕೂಡಿಸಿ. 25ನ್ನು 8,000ದಿಂದ ಭಾಗಿಸಿದರೆ ಸಾವಿರಕ್ಕೆ ಸುಮಾರು 3.1. ದೊಡ್ಡ ವಾರ್ಡ್‌ಗಳ ದರ ಇದರಿಂದ ಹೆಚ್ಚು ಬದಲಾಗುವುದಿಲ್ಲ, ಚಿಕ್ಕವು ವಿನಾಕಾರಣ ಪಟ್ಟಿಯ ತುದಿಗೆ ಏರುವುದು ನಿಲ್ಲುತ್ತದೆ. ಎಷ್ಟು ಎಳೆದಿರಿ ಎಂದು ವರದಿಯಲ್ಲಿ ಬರೆಯಿರಿ.

## ಹಂತ 9: ದೂರು ಬಾರದ ಓಣಿಗಳನ್ನು ಹುಡುಕಿ

ಹಂತ 1ರ ಪ್ರಕಾರ ತೀರಾ ಹಿಂದುಳಿದ, ಆದರೆ ಎಫ್‌ಐಆರ್ ಅತ್ಯಂತ ಕಡಿಮೆ ಇರುವ ವಾರ್ಡ್‌ಗಳ ಪಟ್ಟಿ ಮಾಡಿ. ಅಲ್ಲಿ ಶಾಂತಿ ಇರಬಹುದು. ಜನ ಠಾಣೆಗೆ ಹೋಗದೇ ಇರಬಹುದು. ಅಂಕಿ ನೋಡಿ ಇದನ್ನು ಹೇಳಲು ಆಗುವುದಿಲ್ಲ.

ಮೂರು ಪರೀಕ್ಷೆ ಮಾಡಿ. ಒಂದು, ಘಟನೆಗೂ ದೂರಿಗೂ ನಡುವಿನ ಅಂತರ. ನೀವು ಬರೆದುಕೊಂಡ ಎರಡು ದಿನಾಂಕಗಳಿಂದ ಇದು ಸಿಗುತ್ತದೆ. ಒಂದು ಬಡಾವಣೆಯಿಂದ ದೂರುಗಳು ಸದಾ ತಡವಾಗಿ ಬರುತ್ತಿದ್ದರೆ, ಬಾರದೇ ಉಳಿದವು ಎಷ್ಟೋ ಇರುತ್ತವೆ. ಈ ಅಂತರ ಎಫ್‌ಐಆರ್ ಸಂಖ್ಯೆಗಿಂತ ಒಳ್ಳೆಯ ಕೊರತೆಯ ಸೂಚಕ ಎಂಬುದು ನನ್ನ ಅಭಿಪ್ರಾಯ. ಎರಡು, 112ಕ್ಕೆ ಬಂದ ಕರೆಗಳ ಠಾಣೆವಾರು ಸಂಖ್ಯೆಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಕರೆ ಬಹಳ, ಎಫ್‌ಐಆರ್ ಕಡಿಮೆ ಇದ್ದರೆ ನಡುವೆ ಏನೋ ಸೋರಿಹೋಗುತ್ತಿದೆ.

ಮೂರನೆಯದು, ನಡೆದು ಹೋಗಿ ಕೇಳುವುದು. ಅಂಗನವಾಡಿ ಕಾರ್ಯಕರ್ತೆ, ಕಿರಾಣಿ ಅಂಗಡಿಯವರು, ಮಹಿಳಾ ಸಂಘದವರು ಸಾಕು. ‘ಇಲ್ಲಿ ಅಪರಾಧ ಆಗುತ್ತಾ?’ ಎಂದು ಕೇಳಬೇಡಿ, ಯಾರೂ ತಮ್ಮ ಓಣಿ ಬಿಟ್ಟುಕೊಡುವುದಿಲ್ಲ. ‘ಕಳವಾದರೆ ಮೊದಲು ಯಾರ ಹತ್ತಿರ ಹೋಗ್ತೀರಿ?’ ಎಂದು ಕೇಳಿ. ‘ಸ್ಟೇಷನ್‌ಗೆ ಯಾರ್ ಹೋಗ್ತಾರ್ರೀ, ಒಂದ್ ದಿನದ ಪಗಾರ ಹೋಗತೈತಿ’ ಎಂಬಂಥ ಉತ್ತರ ಮತ್ತೆ ಮತ್ತೆ ಬಂದರೆ ಆ ವಾರ್ಡಿನ ಎಫ್‌ಐಆರ್ ದರವನ್ನು ಸೂಚ್ಯಂಕಕ್ಕೆ ಸೇರಿಸಬೇಡಿ. ‘ಅಂಕಿ ಸಾಲದು’ ಎಂದು ಗುರುತು ಹಾಕಿ.

## ಹಂತ 10: ಈಗ ಜೋಡಿಸಿ

ಹಂತ 1ರ ಪ್ರತಿ ಸೂಚಕಕ್ಕೂ ವಾರ್ಡ್‌ಗಳಿಗೆ ಸ್ಥಾನ ಕೊಟ್ಟು, ಸ್ಥಾನಗಳ ಸರಾಸರಿ ತೆಗೆಯಿರಿ. ಇದು ಅಪರಾಧ ಇಲ್ಲದ ಸೂಚ್ಯಂಕ. ಹಿಂಸೆ, ಆಸ್ತಿ ಹಾನಿ, ಮನೆಗಳ್ಳತನಕ್ಕೂ ಬೇರೆ ಬೇರೆ ಸ್ಥಾನ ಕೊಡಿ. ರ‍್ಯಾಂಕ್ ಡಾಟ್ ಎವಿಜಿ ಸೂತ್ರದಿಂದ ಸ್ಥಾನ, ಕೊರೆಲ್ ಸೂತ್ರದಿಂದ ಎರಡು ಸ್ಥಾನಪಟ್ಟಿಗಳ ಸಂಬಂಧ ಸಿಗುತ್ತದೆ.

ಸಂಬಂಧ ಸ್ಪಷ್ಟವಾಗಿ ಧನಾತ್ಮಕವಾಗಿದ್ದರೆ, ಅಂದರೆ ಕೊರತೆ ಹೆಚ್ಚಿರುವಲ್ಲಿ ಅಪರಾಧವೂ ಹೆಚ್ಚಿದ್ದರೆ, ಆ ಅಪರಾಧವನ್ನು ಸೂಚ್ಯಂಕಕ್ಕೆ ಸೇರಿಸಬಹುದು, ತೂಕ ಶೇ 10 ಮೀರದಂತೆ. ಸೊನ್ನೆಯ ಹತ್ತಿರ ಇದ್ದರೆ ಆ ಅಪರಾಧ ಕೊರತೆಯನ್ನು ತೋರಿಸುತ್ತಿಲ್ಲ, ಬಿಡಿ. ಋಣಾತ್ಮಕವಾಗಿದ್ದರೆ, ಮನೆಗಳ್ಳತನದಲ್ಲಿ ಹೀಗಾಗುವ ಸಾಧ್ಯತೆ ಹೆಚ್ಚು, ಅದನ್ನು ತಿರುಗಿಸಿ ಸೇರಿಸುವ ಆಸೆ ಬೇಡ. ನಿರೀಕ್ಷಿಸಿದ ಸಂಬಂಧ ಬರದಿದ್ದಕ್ಕೆ ಕಾರಣ ಹುಡುಕಿ ಬರೆಯಿರಿ. ಫಲಿತಾಂಶ ಬರಲಿಲ್ಲ ಎಂದು ಅಪರಾಧದ ತೂಕವನ್ನು ಶೇ 30, 40ಕ್ಕೆ ಏರಿಸುವವರಿದ್ದಾರೆ. ಅಲ್ಲಿಗೆ ಅದು ಮತ್ತೆ ಜನಸಂದಣಿಯ ನಕ್ಷೆ.

ಅಪರಾಧ ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಸೂಚ್ಯಂಕ ಮಾಡಿ ಎರಡನ್ನೂ ಪಕ್ಕಪಕ್ಕ ಇಡಿ. ಯಾವ ವಾರ್ಡ್ ತುಂಬಾ ಮೇಲೆ-ಕೆಳಗೆ ಜಿಗಿಯಿತೋ ಅದರ ಎಫ್‌ಐಆರ್‌ಗಳನ್ನು ಮತ್ತೆ ಓದಿ. ಒಂದೇ ದೊಡ್ಡ ಗಲಾಟೆಯ ಹತ್ತಾರು ಪ್ರಕರಣ ಅಲ್ಲಿ ಸಿಗಬಹುದು. 2022ರ ಏಪ್ರಿಲ್‌ನಲ್ಲಿ ಹಳೇ ಹುಬ್ಬಳ್ಳಿ ಠಾಣೆಯ ಮುಂದೆ ನಡೆದ ಗಲಭೆಯಂಥದ್ದನ್ನು ಆ ಬಡಾವಣೆಯ ದಿನನಿತ್ಯದ ಸ್ಥಿತಿ ಎಂದು ಓದಬಾರದು.

## ಹಂತ 11: ಹೊರಗೆ ಕೊಡುವ ಮುನ್ನ

ಹುಬ್ಬಳ್ಳಿಯಲ್ಲೂ ಗದಗ-ಬೆಟಗೇರಿಯಲ್ಲೂ ಸೆಟ್ಲಮೆಂಟ್ ಎಂದು ಕರೆಯುವ ಪ್ರದೇಶಗಳಿವೆ. ಕೆಲವು ಸಮುದಾಯಗಳನ್ನೇ ಅಪರಾಧಿಗಳೆಂದು ಪಟ್ಟಿ ಮಾಡಿದ, 1871ರಲ್ಲಿ ಮೊದಲು ಬಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಹೆಸರಲ್ಲಿ ಜನರನ್ನು ಬೇಲಿಯೊಳಗೆ ಇರಿಸಿದ ಜಾಗಗಳು. ಕಾಯ್ದೆ 1952ರಲ್ಲಿ ರದ್ದಾಯಿತು, ಅನುಮಾನ ರದ್ದಾಗಲಿಲ್ಲ. ಇಂಥ ಕಡೆ ಪೊಲೀಸ್ ಕಣ್ಣು ಹೆಚ್ಚು, ಹಾಗಾಗಿ ದಾಖಲೆಯೂ ಹೆಚ್ಚು. ನಿಮ್ಮ ನಕ್ಷೆ ಅದೇ ಹಳೆಯ ಪಟ್ಟಿಯನ್ನು ಹೊಸ ಬಣ್ಣದಲ್ಲಿ ಕೊಡುತ್ತಿದೆಯೇ ಎಂದು ನೋಡಿ. ಪೊಲೀಸರೇ ದಾಖಲಿಸುವ ಪ್ರಕರಣಗಳನ್ನು ಐದನೇ ಹಂತದಲ್ಲಿ ಪೂರ್ತಿ ತೆಗೆದಿದ್ದೀರೋ ಇಲ್ಲವೋ ಎಂದು ಇನ್ನೊಮ್ಮೆ ಪರೀಕ್ಷಿಸುವ ಜಾಗ ಇದು.

ಬಿಂದುಗಳ ನಕ್ಷೆ ಪ್ರಕಟಿಸಬೇಡಿ. ಓಣಿ ಗೊತ್ತಿದ್ದವರಿಗೆ ಮನೆ ಗೊತ್ತಾಗುತ್ತದೆ. ಐದಕ್ಕಿಂತ ಕಡಿಮೆ ಪ್ರಕರಣದ ಘಟಕದಲ್ಲಿ ಸಂಖ್ಯೆ ತೋರಿಸಬೇಡಿ. 1ರಿಂದ 67ರವರೆಗೆ ಸ್ಥಾನ ಕೊಡುವ ಬದಲು ಐದು ಗುಂಪು ಮಾಡಿ. ಕೊನೆಯ ಸ್ಥಾನಕ್ಕೆ ಹೆಸರಿಟ್ಟು ಸುದ್ದಿ ಬಂದರೆ ಅಲ್ಲಿಯ ಹುಡುಗರಿಗೆ ಬಾಡಿಗೆ ಮನೆ, ಸಾಲ, ನೌಕರಿ ಎಲ್ಲಕ್ಕೂ ತೊಂದರೆ. ಶೀರ್ಷಿಕೆಯಲ್ಲಿ ‘ಅಪರಾಧ’ ಎಂಬ ಪದ ಬೇಡ. ನೀವು ಅಳೆದಿರುವುದು ಕೊರತೆ, ಅದನ್ನೇ ಬರೆಯಿರಿ.

ಕಡುಬಣ್ಣದ ಎರಡು ಮೂರು ವಾರ್ಡಿನವರಿಗೆ ಕರಡು ತೋರಿಸಿ. ‘ನಮ್ಮಲ್ಲಿ ಜಗಳಕ್ಕಿಂತ ಗಟಾರದ್ದೇ ತೊಂದರೆ’ ಎಂದು ಅವರು ಹೇಳಿದರೆ ಗಟಾರದ ಸೂಚಕ ನಿಮ್ಮ ಪಟ್ಟಿಯಲ್ಲಿ ಇದೆಯೇ ನೋಡಿ, ಇಲ್ಲದಿದ್ದರೆ ಸೇರಿಸಿ ಹತ್ತನೇ ಹಂತ ಮತ್ತೆ ಓಡಿಸಿ.

ಹೊಸ ಜನಗಣತಿಯ ಜನ ಎಣಿಕೆ 2027ರ ಫೆಬ್ರುವರಿಗೆ ನಿಗದಿಯಾಗಿದೆ. ಅದರ ವಾರ್ಡ್ ಕೋಷ್ಟಕ ಬಂದ ದಿನ ಹಂತ 1, 2, 7 ಹೊಸದಾಗಿ ಮಾಡಬೇಕಾಗುತ್ತದೆ. ಎ ಮತ್ತು ಬಿ ದರ್ಜೆಯ ಬಿಂದುಗಳ ಫೈಲು ಮಾತ್ರ ಹಾಗೇ ಬಳಕೆಗೆ ಬರುತ್ತದೆ. ಅದರ ಒಂದು ಪ್ರತಿಯನ್ನು ಹೆಸರು-ವಿಳಾಸ ಇಲ್ಲದೆ, ಕಲಂ ಪಟ್ಟಿಯ ಜೊತೆ, ಬೇರೆ ಪೆನ್‌ಡ್ರೈವಿನಲ್ಲಿ ಎತ್ತಿಡಿ.